ಬೆರಳಿಗೆ ಟೊಪ್ಪಿ, ತಂತಿಗೆ ಸಡಿಲ

ಭದ್ರಾವತಿಯ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇದು. ಅವರು ವೃತ್ತಿಯಿಂದ ಫಿಟ್ಟರ್. ಹದಿನಾಲ್ಕು ವರ್ಷ ಗಣೇಶೋತ್ಸವ, ಜಾತ್ರೆ, ಆರತಕ್ಷತೆಗಳಲ್ಲಿ ಮೂರು ಆರ್ಕೆಸ್ಟ್ರಾಗಳಿಗೆ ಗಿಟಾರ್ ನುಡಿಸಿದವರು. ಒಂಬತ್ತು ವರ್ಷಗಳ ಹಿಂದೆ ಕೆಲಸದ ವೇಳೆ ಎಡಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿ ಕಳೆದುಕೊಂಡ ಮೇಲೆ ವಾದ್ಯವನ್ನು ಅಟ್ಟಕ್ಕೇರಿಸಿದ್ದರು. ಹಳೆಯ ಗೆಳೆಯರು ಈಗ ಭಾನುವಾರಗಳಂದು ಮತ್ತೆ ತಾಲೀಮಿಗೆ ಸೇರುತ್ತಿದ್ದು, ಇವರನ್ನೂ ಕರೆಯುತ್ತಿದ್ದಾರೆ. ಬ್ಲ್ಯಾಕ್ ಸ್ಯಾಬತ್ ಎಂಬ ರಾಕ್ ತಂಡದ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗಿಟಾರ್ ವಾದಕ ಟೋನಿ ಅಯೋಮಿಯವರಿಗೂ ಇದೇ ಎರಡು ಬೆರಳುಗಳ ತುದಿ ಹೋಗಿತ್ತೆಂದು ನಮ್ಮ ಕಳೆದ ಸಂಚಿಕೆಯ ಲೇಖನದಲ್ಲಿ ಓದಿದ ಅವರು, ‘ಛಲದಿಂದ ಮತ್ತೆ ನುಡಿಸತೊಡಗಿದರು’ ಎಂಬ ಒಂದೇ ಸಾಲಿನಲ್ಲಿ ನಾವು ವಿಷಯ ಮುಗಿಸಿದ್ದನ್ನು ಆಕ್ಷೇಪಿಸಿದ್ದಾರೆ. ಛಲ ತಮ್ಮಲ್ಲೂ ಇತ್ತು, ತಂತಿ ಒತ್ತಿದರೆ ಜೀವ ಹೋಗುವಂತಾಗುತ್ತಿತ್ತು. ಆ ಮನುಷ್ಯ ನಿಜವಾಗಿ ಮಾಡಿದ್ದೇನು ಎಂಬುದು ಅವರ ಪ್ರಶ್ನೆ.

ಮಾನ್ಯರೆ,

ನಿಮ್ಮ ಆಕ್ಷೇಪ ಸರಿಯಾಗಿದೆ. ಪುಟ ಸಾಲದೆ ಲೇಖನವನ್ನು ಮೊಟಕುಗೊಳಿಸುವಾಗ ನಾವು ಕತ್ತರಿಸಿದ್ದು ನಿಮಗೆ ಬೇಕಾಗಿದ್ದ ಭಾಗವನ್ನೇ. ಅದನ್ನು ಇಲ್ಲಿ ಬರೆಯುತ್ತೇನೆ. ಆ ಯುವಕ ಗಿಟಾರಿಗೆ ಮರಳಿದ್ದು ಒಬ್ಬ ಕುಶಲ ಕೆಲಸಗಾರನ ರೀತಿಯಲ್ಲಿ. ಹಾಗಾಗಿ ಆ ದಾರಿ ಬೇರೆಯವರಿಗಿಂತ ನಿಮಗೆ ಚೆನ್ನಾಗಿ ಅರ್ಥವಾದೀತು ಎಂಬುದು ನನ್ನ ನಂಬಿಕೆ.

ಅಯೋಮಿ ಹುಟ್ಟಿದ್ದು 1948ರಲ್ಲಿ, ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಎಂಬ ದುಡಿಯುವವರ ಬಡಾವಣೆಯಲ್ಲಿ. ಹಗಲು ತಗಡಿನ ಕಾರ್ಖಾನೆ, ರಾತ್ರಿ ರಾಕಿನ್ ಶೆವ್ರೊಲೆಟ್ಸ್ ಎಂಬ ಊರಿನ ತಂಡದಲ್ಲಿ ಗಿಟಾರ್. ಮತ್ತೊಂದು ತಂಡದೊಡನೆ ಜರ್ಮನಿಗೆ ಹೋಗುವ ಅವಕಾಶ ಬಂದಾಗ ಕೆಲಸ ಬಿಡಲು ನಿರ್ಧರಿಸಿದರು. ಆಗ ಅವರಿಗೆ 17 ವರ್ಷ. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಇನ್ನು ಹೋಗುವುದಿಲ್ಲ ಎಂದಾಗ, ಹಿಡಿದ ಕೆಲಸವನ್ನು ಸರಿಯಾಗಿ ಮುಗಿಸಿ ಬಾ ಎಂದು ತಾಯಿ ಕಳುಹಿಸಿದರು. ಅಂದು ರಜೆಯಲ್ಲಿದ್ದವರೊಬ್ಬರ ಬದಲಿಗೆ, ತಮಗೆ ಅಭ್ಯಾಸವಿಲ್ಲದ ಪ್ರೆಸ್ ಯಂತ್ರದ ಮುಂದೆ ಅವರು ನಿಲ್ಲಬೇಕಾಯಿತು. ಪ್ರೆಸ್ ಬಲಗೈಯ ಮೇಲೆ ಬಿತ್ತು, ಗಾಬರಿಯಿಂದ ಕೈ ಎಳೆದುಕೊಂಡಾಗ ಎರಡು ಬೆರಳುಗಳ ತುದಿ ಅಲ್ಲೇ ಉಳಿದವು. ಅವರು ಎಡಚರಾದ್ದರಿಂದ ತಂತಿ ಒತ್ತುತ್ತಿದ್ದದ್ದು ಅದೇ ಕೈ. ಗಿಟಾರ್ ಮರೆತುಬಿಡಿ ಎಂದರು ವೈದ್ಯರು.

ಕಾರ್ಖಾನೆಯ ಮೇಲ್ವಿಚಾರಕರು ಮನೆಗೆ ಬಂದು ಒಂದು ಧ್ವನಿಮುದ್ರಿಕೆ ಕೊಟ್ಟು, ಒತ್ತಾಯ ಮಾಡಿ ಕೇಳಿಸಿದರು. ಅದು ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರ ವಾದನ. 1928ರಲ್ಲಿ ತಮ್ಮ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಸೆಟೆದುಹೋದ ಮೇಲೂ ಉಳಿದೆರಡು ಬೆರಳುಗಳಿಂದಲೇ ಆ ವೇಗದ ಸ್ವರಗಳನ್ನು ನುಡಿಸಿದವರು ಅವರು. ಇದನ್ನು ಮೇಲ್ವಿಚಾರಕರು ಹೇಳಿದ್ದು ಸಂಗೀತ ಕೇಳಿಸಿದ ಮೇಲೆ. ಮೊದಲು ವಾದನ, ಆಮೇಲೆ ಕಥೆ. ಆ ಅನುಕ್ರಮದಲ್ಲಿ ದೊಡ್ಡ ತಿಳಿವಳಿಕೆಯಿದೆ ಎಂದು ನನಗನ್ನಿಸುತ್ತದೆ.

ಇನ್ನು ನೀವು ಕೇಳಿದ ಭಾಗ. ಪಾತ್ರೆ ತೊಳೆಯುವ ದ್ರವದ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ಅಯೋಮಿ ಕರಗಿಸಿ ಉಂಡೆ ಮಾಡಿಕೊಂಡರು. ಅದು ಆರಿದ ಮೇಲೆ ಕಾದ ಸಾಲ್ಡರಿಂಗ್ ಐರನ್‌ನಿಂದ ಬೆರಳು ತೂರುವಷ್ಟು ತೂತು ಕೊರೆದು, ಬೆರಳ ತುದಿಯ ಆಕಾರ ಬರುವ ತನಕ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದರು. ದರ್ಜಿಗಳು ಹಾಕಿಕೊಳ್ಳುವಂಥ ಟೊಪ್ಪಿ ಸಿದ್ಧವಾಯಿತು, ಆದರೆ ಬರಿಯ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ಜಾಕೆಟ್ಟಿನಿಂದ ಚರ್ಮದ ತುಂಡು ಕತ್ತರಿಸಿ ಅದರ ಮೇಲೆ ಅಂಟಿಸಿದಾಗ ಹಿಡಿತ ಸಿಕ್ಕಿತು. ಟೊಪ್ಪಿ ತೊಟ್ಟ ಬೆರಳಿಗೆ ತಂತಿಯ ಸ್ಪರ್ಶವೇ ತಿಳಿಯುವುದಿಲ್ಲವಾದ್ದರಿಂದ ಎಷ್ಟು ಒತ್ತಬೇಕೆಂಬುದನ್ನು ಕಿವಿಯಿಂದಲೇ ಕಲಿಯಬೇಕಾಯಿತು.

ಎರಡನೆಯದು ತಂತಿ. ಆ ಕಾಲದಲ್ಲಿ ಗಿಟಾರಿಗೆ ತೆಳು ತಂತಿಗಳ ಸೆಟ್ ಸುಲಭವಾಗಿ ಸಿಗುತ್ತಿರಲಿಲ್ಲ; ಅವರು ಬ್ಯಾಂಜೊ ತಂತಿಗಳನ್ನು ತಂದು ಬಿಗಿದರು. ನಿಮಗೆ ಆ ಕಷ್ಟವಿಲ್ಲ. ಎಲೆಕ್ಟ್ರಿಕ್ ಗಿಟಾರಿಗೆ 0.009 ಅಂಗುಲ ದಪ್ಪದ ತಂತಿಯಿಂದ ಶುರುವಾಗುವ ಸೆಟ್ಟು ಎಲ್ಲೆಡೆ ಸಿಗುತ್ತದೆ, 0.008ರದ್ದೂ ಇದೆ. ಅಟ್ಟದಲ್ಲಿರುವುದು ಅಕೂಸ್ಟಿಕ್ ಆಗಿದ್ದರೆ ದಯವಿಟ್ಟು ಅದರಿಂದ ಆರಂಭಿಸಬೇಡಿ, ಗೆಳೆಯರ ಬಳಿಯಿಂದ ಎಲೆಕ್ಟ್ರಿಕ್ ಎರವಲು ತನ್ನಿ.

ಮೂರನೆಯದು ಶ್ರುತಿ. 1971ರ ಹೊತ್ತಿಗೆ ಅಯೋಮಿ ಕೆಲವು ಹಾಡುಗಳಿಗೆ ತಂತಿಗಳನ್ನು ಮೂರು ಅರ್ಧಸ್ವರದಷ್ಟು ಕೆಳಗಿಳಿಸಿದರು. ಒಂದೇ ತಂತಿಯ ಶ್ರುತಿಯನ್ನು ಅಷ್ಟು ಇಳಿಸಿದರೆ ಅದರ ಬಿಗಿತ ಸುಮಾರು ಶೇ 29ರಷ್ಟು ಕಡಿಮೆಯಾಗುತ್ತದೆ, ಅರ್ಧಸ್ವರ ಇಳಿಸಿದರೂ ಶೇ 11ರಷ್ಟು. ಬೆರಳಿಗೆ ಆರಾಮ ಸಿಕ್ಕಿದ್ದಲ್ಲದೆ, ಜಗತ್ತು ಅದುವರೆಗೆ ಕೇಳಿರದ ಭಾರವಾದ ನಾದವೂ ಹುಟ್ಟಿತು. ಆದರೆ ನಿಮ್ಮ ಆರ್ಕೆಸ್ಟ್ರಾದಲ್ಲಿ ಗಾಯಕರ ಶ್ರುತಿಗೆ ನೀವು ಹೊಂದಬೇಕಲ್ಲವೆ? ಮೂರು ಅರ್ಧಸ್ವರ ಇಳಿಸಿ, ಮೂರನೆಯ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗೆ) ಕೆಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿಕೊಳ್ಳಿ. ಶ್ರುತಿ ಮೊದಲಿನ ಜಾಗಕ್ಕೆ ಬರುತ್ತದೆ, ತಂತಿ ಮಾತ್ರ ಸಡಿಲವಾಗಿಯೇ ಇರುತ್ತದೆ. ಫ್ರೆಟ್ಟುಗಳ ನಡುವಿನ ಅಂತರವೂ ಕಿರಿದಾಗುವುದರಿಂದ ಬೆರಳು ಚಾಚುವ ಶ್ರಮ ಕಡಿಮೆ.

ಊರಿನ ತಂಡಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಮೂರು ಆರ್ಕೆಸ್ಟ್ರಾಗಳನ್ನು ನೀವು ಪತ್ರದಲ್ಲಿ ‘ಸಣ್ಣಪುಟ್ಟವು’ ಎಂದು ಕರೆದಿದ್ದೀರಿ. ಟೊಪ್ಪಿ ಮಾಡಿಕೊಂಡ ಅಯೋಮಿ ಮರಳಿದ್ದು ಅಂಥದೇ ತಂಡಗಳಿಗೆ. ‘ದ ರೆಸ್ಟ್’ ಎಂಬ ತಂಡದಲ್ಲಿ ಡ್ರಮ್ಸ್ ನುಡಿಸುವ ಬಿಲ್ ವಾರ್ಡ್ ಸಿಕ್ಕರು. 1968ರ ಆರಂಭದಲ್ಲಿ ಇಬ್ಬರೂ ಕಾರ್ಲೈಲ್ ಊರಿನ ‘ಮಿಥಾಲಜಿ’ ಸೇರಿದರು, ಕೆಲವೇ ತಿಂಗಳಲ್ಲಿ ಅದೂ ಒಡೆಯಿತು. ಬರ್ಮಿಂಗ್‌ಹ್ಯಾಮ್‌ಗೆ ಮರಳಿದಾಗ ಸಂಗೀತದಂಗಡಿಯಲ್ಲಿ ಒಂದು ಚೀಟಿ ಕಂಡಿತು: ಗಾಯಕನೊಬ್ಬನಿಗೆ ತಂಡ ಬೇಕು, ಸ್ವಂತ ಮೈಕ್ ಸೆಟ್ ಇದೆ. ಮೈಕ್ ಸೆಟ್ ಇರುವವನ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹುಡುಕಿಕೊಂಡು ಹೋದರೆ ಆತ ಶಾಲೆಯಲ್ಲಿ ಕಂಡಿದ್ದ ಆಜಿ ಆಸ್ಬರ್ನ್. ಅವರನ್ನು ಸೇರಿಸಿಕೊಂಡು ಹೊಸ ತಂಡ ಕಟ್ಟಿದರು. 1968ರ ಡಿಸೆಂಬರಿನಲ್ಲಿ ಅಯೋಮಿ ಆಗಲೇ ಹೆಸರು ಮಾಡಿದ್ದ ಜೆತ್ರೊ ಟಲ್ ತಂಡಕ್ಕೆ ಹೋಗಿ, ಕೆಲವೇ ವಾರಗಳಲ್ಲಿ ಹಳೆಯ ಗೆಳೆಯರ ಬಳಿಗೆ ಹಿಂತಿರುಗಿದರು. ಅಲ್ಲಿಂದ ತಂದದ್ದು ಬೆಳಿಗ್ಗೆ ಒಂಬತ್ತಕ್ಕೆಲ್ಲ ತಾಲೀಮಿಗೆ ಕೂರುವ ಶಿಸ್ತು. ಮರುವರ್ಷ ಆ ಹಳೆಯ ಗೆಳೆಯರ ತಂಡ ಬ್ಲ್ಯಾಕ್ ಸ್ಯಾಬತ್ ಎಂಬ ಹೆಸರು ಪಡೆಯಿತು. 2025ರ ಜುಲೈ 5ರಂದು ಅವರೆಲ್ಲ ಕೊನೆಯ ಬಾರಿ ಒಟ್ಟಿಗೆ ನುಡಿಸಿದ್ದೂ ಅದೇ ಆಸ್ಟನ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ.

ಕೈ ಬದಲಿಸಿ ಕಲಿಯಲೇ ಎಂದೂ ಕೇಳಿದ್ದೀರಿ. ಆಗ ತಿಳಿದಿದ್ದರೆ ಬಹುಶಃ ಹಾಗೆ ಮಾಡುತ್ತಿದ್ದೆ ಎಂಬ ಅರ್ಥದ ಮಾತನ್ನು ಅಯೋಮಿಯವರೇ ಹೇಳಿದ್ದುಂಟು. ಎರಡು ಮೂರು ವರ್ಷ ನುಡಿಸಿದ್ದೇ ಆ ವಯಸ್ಸಿನಲ್ಲಿ ಅವರಿಗೆ ಬಹಳವೆನಿಸಿತ್ತು. ನಿಮ್ಮದು ಹದಿನಾಲ್ಕು ವರ್ಷಗಳ ಕೈ. ಅದನ್ನು ಬಿಡುವುದು ಬೇಡವೆಂಬುದು ನನ್ನ ಅಭಿಪ್ರಾಯ. ತೋರುಬೆರಳು, ಕಿರುಬೆರಳು ಗಟ್ಟಿಯಾಗಿವೆ ಎಂದಿದ್ದೀರಿ. ಎರಡು ಸ್ವರಗಳ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳನ್ನು) ಅವುಗಳಿಂದಲೇ ಹಿಡಿಯಬಹುದು. ಗಾಯದ ಕಲೆಯ ಮೇಲೆ ಒತ್ತಡ ಹಾಕುವ ಮುನ್ನ ವೈದ್ಯರಿಗೆ ಒಮ್ಮೆ ತೋರಿಸಿ. ಶುರುವಿನಲ್ಲಿ ದಿನಕ್ಕೆ ಹತ್ತು ನಿಮಿಷ ಮೀರಬೇಡಿ, ಒಂಬತ್ತು ವರ್ಷದಲ್ಲಿ ಮೆತ್ತಗಾದ ಉಳಿದ ಬೆರಳುಗಳೂ ಮತ್ತೆ ದಡ್ಡುಗಟ್ಟಬೇಕಲ್ಲ.

ಬರುವ ಭಾನುವಾರ ಬರಿಗೈಯಲ್ಲಾದರೂ ತಾಲೀಮಿಗೆ ಹೋಗಿ ಕುಳಿತು, ಕೀಬೋರ್ಡಿನವರು ಯಾವ ಹಾಡನ್ನು ಯಾವ ಶ್ರುತಿಯಲ್ಲಿ ಹಿಡಿಯುತ್ತಿದ್ದಾರೆಂದು ಬರೆದುಕೊಂಡು ಬನ್ನಿ. ಟೊಪ್ಪಿ ಮಾಡಲು ನಿಮ್ಮ ಕಾರ್ಯಾಗಾರದಲ್ಲಿ ಯಾವ ಪ್ಲಾಸ್ಟಿಕ್, ಯಾವ ಚರ್ಮ ಹೊಂದಿತೆಂಬುದನ್ನು ಅಳತೆಗಳ ಸಮೇತ ನಮಗೆ ಬರೆಯಿರಿ. ಈ ಸಲ ಒಂದು ಸಾಲನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.

— ಸಂಪಾದಕ