ಹೆಸರು ಬದಲಾವಣೆಯ ಕಡತ ಕಳೆದಾಗ: ಮೂಡಿಗೆರೆಯ ತಂಗಿಗೆ ಉತ್ತರ

ಊರಿನಲ್ಲಿದ್ದಾಗಲೇ ಇನಿಷಿಯಲ್ ಬಿಟ್ಟು ಪೂರ್ಣ ಹೆಸರು ಮಾಡಿಸಿಕೊಂಡು, ಅದೇ ಹೆಸರಿನ ಪಾಸ್‌ಪೋರ್ಟಿನಲ್ಲಿ ಲಂಡನ್ನಿಗೆ ಬಂದ ನೀವು, ಮನೆ ಬದಲಿಸುವಾಗ ಗೆಜೆಟ್ ಪ್ರತಿ, ನೋಟರಿ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ ಮೂರೂ ಇದ್ದ ಕಡತವನ್ನು ಕಳೆದುಕೊಂಡಿದ್ದೀರಿ. ಇದಕ್ಕಾಗಿ ಚಿಕ್ಕಮಗಳೂರಿಗೆ ಹೋಗಲೇಬೇಕೇ ಅಕ್ಕಾ, ಇಲ್ಲೇ ಡೀಡ್ ಪೋಲ್ (ಹೆಸರು ಬದಲಿಸಿಕೊಂಡಿದ್ದೇನೆಂದು ಬರೆದು ಸಹಿ ಹಾಕುವ ಇಲ್ಲಿನ ಪತ್ರ) ಮಾಡಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಹೋಗಬೇಕಾಗಿಲ್ಲ; ಡೀಡ್ ಪೋಲ್ ಅಂತೂ ಬೇಡವೇ ಬೇಡ.

ಮೂರರಲ್ಲಿ ಹೆಚ್ಚು ತೂಕದ್ದು ಗೆಜೆಟ್, ಪುಣ್ಯಕ್ಕೆ ಸುಲಭವಾಗಿ ಸಿಗುವುದೂ ಅದೇ. ಕೇಂದ್ರ ಸರ್ಕಾರ 2015ರಲ್ಲಿ ರಾಜಪತ್ರದ, ಅಂದರೆ ಗೆಜೆಟ್ಟಿನ, ಮುದ್ರಣವನ್ನು ನಿಲ್ಲಿಸಿದ ಮೇಲೆ ಇ-ಗೆಜೆಟ್ ಜಾಲತಾಣದ ಪ್ರತಿಯೇ ಅಧಿಕೃತ ಪ್ರತಿಯಾಗಿದೆ. ವಾರದ ಗೆಜೆಟ್ಟಿನ 4ನೇ ಭಾಗದಲ್ಲಿ ನಿಮ್ಮ ಪ್ರಕಟಣೆ ಬಂದ ಹೊತ್ತಿನ ಸಂಚಿಕೆಗಳನ್ನು ತೆರೆದು ಹುಡುಕಿ. ಒಂದೊಂದು ಸಂಚಿಕೆಯಲ್ಲೂ ಹೆಸರುಗಳ ದೊಡ್ಡ ಸಾಲೇ ಇರುವುದರಿಂದ, ಸಿಕ್ಕ ಕೂಡಲೇ ಸಂಚಿಕೆಯ ಸಂಖ್ಯೆ, ದಿನಾಂಕ, ಪುಟ ಮೂರನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಅರ್ಜಿ ತುಂಬಿದರೂ ಇವು ಬೇಕಾಗುತ್ತವೆ.

ಅಫಿಡವಿಟ್ಟಿನ ಮಾತು ಬೇರೆ. ಅದರ ಮೂಲಪ್ರತಿ ನಿಮ್ಮ ಬಳಿ ಮಾತ್ರ ಇತ್ತು. ಬರೆಸಿಕೊಟ್ಟ ವಕೀಲರ ಹತ್ತಿರ ಜೆರಾಕ್ಸ್ ಇದೆಯೇ ಎಂದು ಮನೆಯವರು ವಿಚಾರಿಸಲಿ. ನೋಟರಿಯವರ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆಯಾದರೂ ಸಿಕ್ಕೀತು. ಏನೂ ಸಿಗದಿದ್ದರೆ, ಹಳೆಯ ಮತ್ತು ಹೊಸ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಹೊಸ ಅಫಿಡವಿಟ್ಟಿಗೆ ಇಲ್ಲಿನ ಭಾರತೀಯ ಹೈ ಕಮಿಷನ್ನಿನ ಮೂಲಕ ದೃಢೀಕರಣ ಪಡೆಯಬಹುದು. ಪತ್ರಿಕೆಯ ಪ್ರಕಟಣೆಯನ್ನು ಕತ್ತರಿಸದೆ, ದಿನಾಂಕ ಕಾಣುವಂತೆ ಇಡೀ ಪುಟವನ್ನೇ ಇಟ್ಟಿರಬೇಕು. ಅಪ್ಪಾಜಿ ಇನ್ನೊಂದು ಪ್ರತಿ ತೆಗೆದಿಟ್ಟಿದ್ದಾರೋ ಕೇಳಿ, ನಮ್ಮ ಮನೆಗಳಲ್ಲಿ ಹಳೇ ಪೇಪರು ರದ್ದಿಗೆ ಹೋಗಲು ತಡವಾಗುವುದಿಲ್ಲ.

ಡೀಡ್ ಪೋಲ್ ಏಕೆ ಬೇಡವೆಂದರೆ, ಇಂಗ್ಲೆಂಡಿನಲ್ಲಿ ನ್ಯಾಯಾಲಯದಲ್ಲಿ ನೋಂದಾಯಿಸದ ಡೀಡ್ ಪೋಲಿನ ಪ್ರತಿ ಯಾವ ಸರ್ಕಾರಿ ಕಚೇರಿಯಲ್ಲೂ ಉಳಿಯುವುದಿಲ್ಲ. ಇದೊಂದು ಕಳೆದರೆ ಗೆಜೆಟ್ಟಿನಂತೆ ಮತ್ತೆ ಇಳಿಸಿಕೊಳ್ಳುವ ಮಾತೇ ಇಲ್ಲ. ಅದರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಪಾಸ್‌ಪೋರ್ಟಿಗೂ ಅದಕ್ಕೂ ತಾಳೆಯಾಗದು. ಮೇಲಾಗಿ, ನಾಳೆ ತೋಟದ ಪೌತಿ ಖಾತೆಗೆಂದು ಮೂಡಿಗೆರೆ ತಾಲ್ಲೂಕು ಕಚೇರಿಯಲ್ಲಿ ಅದನ್ನು ತೋರಿಸಬೇಕೆಂದರೆ ಮೊದಲು ಇಲ್ಲಿನ ವಕೀಲರಿಂದ ದೃಢೀಕರಿಸಿ, ಅಪೊಸ್ಟಿಲ್ (ಬೇರೆ ದೇಶದಲ್ಲಿ ಕಾಗದ ನಡೆಯಲು ಸರ್ಕಾರ ಹಾಕುವ ದೃಢೀಕರಣ) ಹಾಕಿಸಿ, ಆಮೇಲೆ ಇದೇನೆಂದು ಅಲ್ಲಿಯವರಿಗೆ ತಿಳಿಸಿ ಹೇಳಬೇಕು. ಗೆಜೆಟ್ಟಾದರೆ ನಮ್ಮವರಿಗೆ ಗೊತ್ತಿರುವ ಕಾಗದ.

ಹೊಸ ಕಡತಕ್ಕೆ ಹಳೆಯ ಹೆಸರಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಸೇರಿಸಿ, ಏಕೆಂದರೆ ಎರಡು ಹೆಸರುಗಳ ಸಂಬಂಧ ಕೇಳುವವರು ಹಳೆಯದರ ಪುರಾವೆಯನ್ನೂ ಕೇಳುತ್ತಾರೆ. ಯಾವುದಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ; ಆಮೇಲೆ ಅದರ ಮೇಲೆ ದೃಢೀಕರಣದ ಮೊಹರು ಕೂರುವುದಿಲ್ಲ. ಸ್ಕ್ಯಾನ್ ಮಾಡುವಾಗ ಛಾಪಾ ಕಾಗದದ ಹಿಂಬದಿಯೂ ಬರಲಿ, ಹಲವು ಬಾರಿ ಮೊಹರು ಅಲ್ಲಿಯೇ ಇರುತ್ತದೆ. ಹಾಸನದ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿಗೆ ಸೇರಿಸಿದರೆ ಸಾಕಾಗುತ್ತದೆ, ಆದರೆ ನಿಮ್ಮ ಕಡೆಯ ಮಳೆಗಾಲಕ್ಕೆ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೂಲಪ್ರತಿಗಳನ್ನು ಇಲ್ಲೇ ನಿಮ್ಮ ಬಳಿ ಇಟ್ಟುಕೊಂಡು, ಅಲ್ಲಿಗೆ ದೃಢೀಕೃತ ನಕಲುಗಳನ್ನು ಕಳುಹಿಸಿ. ಕೌಂಟರುಗಳಲ್ಲಿ ಮೂಲವನ್ನು ಬಿಟ್ಟುಹೋಗಿ ಎಂದರೆ ಲಿಖಿತ ಸ್ವೀಕೃತಿ ಕೊಡದ ಹೊರತು ಬಿಡಬೇಡಿ.