ಸಂಪಾದಕರ ಉತ್ತರ: ಮುಳುಗಿದ ಭತ್ತ ಉಸಿರು ಬಿಗಿಹಿಡಿದು ಕೂರುವುದು ಹೇಗೆ?

ಬನವಾಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ವರದಾ ನದಿ ಉಕ್ಕಿದರೆ ನಮ್ಮ ಗದ್ದೆ ಮುಳುಗುತ್ತದೆ, ಸಸಿ ಕೊಳೆಯುತ್ತದೆ. ಸ್ವರ್ಣ-ಸಬ್1 ಭತ್ತ ತಡೆದುಕೊಳ್ಳಲು ಒಂದು 'ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್' ಕಾರಣ ಎಂದು ಬರೆದು ಅಲ್ಲಿಗೇ ಕೈಬಿಟ್ಟಿರಿ. ಏನದು? ಅದು ಸದಾ ಚಾಲೂ ಇರುವಂತೆ ಮಾಡಿಬಿಟ್ಟರೆ ಆಗದಾ?"

ಬೈದದ್ದು ಸರಿ. ಜಾಗ ಸಾಲದೆ ನಾನೇ ಕತ್ತರಿ ಹಾಕಿದ್ದೆ.

ಎಲೆಯಲ್ಲೂ ಬೇರಿನಲ್ಲೂ ಇರುವುದು ಅವೇ ಜೀನ್‌ಗಳು. ಆದರೆ ಎಲ್ಲವೂ ಎಲ್ಲ ಕಡೆ ಕೆಲಸಕ್ಕೆ ಇಳಿಯುವುದಿಲ್ಲ. ಯಾವುದು ಎಲ್ಲಿ, ಯಾವಾಗ ಅನ್ನುವುದನ್ನು ನೋಡಿಕೊಳ್ಳುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಜೀನ್ ಹತ್ತಿರದ ಡಿಎನ್‌ಎಯಲ್ಲಿ ತಮಗೆ ಗುರುತಿನ ಜಾಗ ಹುಡುಕಿ ಕೂರುತ್ತವೆ, ಆ ಜೀನನ್ನು ಎಬ್ಬಿಸುತ್ತವೆ ಅಥವಾ ಮಲಗಿಸುತ್ತವೆ. ಪ್ರಯೋಗಾಲಯಗಳ ಮೆಚ್ಚಿನ ಪುಟ್ಟ ಗಿಡ, ನಮ್ಮ ಸಾಸಿವೆಯ ನೆಂಟ ಅರಾಬಿಡಾಪ್ಸಿಸ್‌ನ ಸುಮಾರು 27,000 ಜೀನ್‌ಗಳಲ್ಲಿ 1,500ಕ್ಕೂ ಹೆಚ್ಚು ಇವುಗಳದ್ದೇ. ಹದಿನೆಂಟು ಆಳಿಗೆ ಒಬ್ಬ ಮೇಸ್ತ್ರಿ ಅಂದುಕೊಳ್ಳಿ.

ಈಗ ನಿಮ್ಮ ಗದ್ದೆಗೆ ಬರೋಣ. ಸಸಿ ಮುಳುಗಿದಾಗ ಅದರೊಳಗಿನ ಎಥಿಲೀನ್ ಅನಿಲ ಹೊರಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ. ಸಾಮಾನ್ಯ ಭತ್ತಕ್ಕೆ ಅದು 'ಬೇಗ ಮೇಲೇಳು' ಅನ್ನುವ ಸೂಚನೆ. ಅದು ಗಾಬರಿಯಿಂದ ಉದ್ದಕ್ಕೆ ಬೆಳೆಯುತ್ತದೆ, ಇದ್ದಬದ್ದ ಸಕ್ಕರೆಯನ್ನೆಲ್ಲ ಖರ್ಚು ಮಾಡುತ್ತದೆ, ನೀರು ಇಳಿಯುವ ಹೊತ್ತಿಗೆ ಬಡಕಲಾಗಿ ಬಿದ್ದುಹೋಗುತ್ತದೆ. ನೀವು ಕೇಳಿದ ಆ ಫ್ಯಾಕ್ಟರ್‌ನ ಹೆಸರು ಸಬ್1ಎ. ಅದರ ಜೀನ್ ಇರುವ ಸ್ವರ್ಣ-ಸಬ್1ನಂಥ ತಳಿಯಲ್ಲಿ ಅದೇ ಎಥಿಲೀನ್ ಸಬ್1ಎಯನ್ನು ಎಬ್ಬಿಸುತ್ತದೆ. ಅದು ಬೆಳವಣಿಗೆಯ ಹಾರ್ಮೋನ್ ಗಿಬ್ಬರೆಲಿನ್‌ಗೆ ತಡೆ ಹಾಕುವ ಪ್ರೋಟೀನ್‌ಗಳನ್ನು ಹೆಚ್ಚಿಸುತ್ತದೆ. ಗಿಡ ಸುಮ್ನೆ ಕೂರುತ್ತದೆ, ನೀರಿಳಿದ ಮೇಲೆ ಉಳಿಸಿಕೊಂಡ ಸಕ್ಕರೆಯಲ್ಲಿ ಮತ್ತೆ ಚಿಗುರುತ್ತದೆ.

ಈ ಗುಣ ಬಂದದ್ದು ಒಡಿಶಾದ ಎಫ್‌ಆರ್13ಎ ಎಂಬ ತಳಿಯಿಂದ. ಜೀನ್ ಪತ್ತೆಯಾದದ್ದು 2006ರಲ್ಲಿ ಪ್ರಕಟವಾಯಿತು, ಸ್ವರ್ಣ-ಸಬ್1 ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಇದು ಕುಲಾಂತರಿ ಅಲ್ಲ, ಹೂವಿಗೆ ಹೂವು ಕೂಡಿಸಿಯೇ ಮಾಡಿದ್ದು. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ತಮಾಷೆ ಏನು ಗೊತ್ತಾ? ತಿಂಗಳುಗಟ್ಟಲೆ ಆಳ ನೀರಲ್ಲಿ ಬೆಳೆಯುವ ಭತ್ತದಲ್ಲಿ ಸ್ನಾರ್ಕೆಲ್ ಎಂಬ ಎರಡು ಜೀನ್‌ಗಳಿವೆ. 2009ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದವು. ಅವೂ ಸಬ್1ಎ ಕುಟುಂಬದವೇ, ಅವನ್ನು ಎಬ್ಬಿಸುವುದೂ ಎಥಿಲೀನೇ. ಆದರೆ ಅವು ಹೇಳುವುದು ಪೂರ್ತಿ ಉಲ್ಟಾ: ನೀರಿನ ಜೊತೆಗೇ ಏರುತ್ತಾ ಹೋಗು!

ಸದಾ ಚಾಲೂ ಇಟ್ಟರೆ? ಬರ, ಚಳಿ, ಉಪ್ಪು ತಡೆಯಲು ನೆರವಾಗುವ ಡ್ರೆಬ್1ಎ ಎಂಬ ಫ್ಯಾಕ್ಟರ್ ಮೇಲೆ ಜಪಾನಿನಲ್ಲೇ ಇದನ್ನು ಮಾಡಿ ನೋಡಿದ್ದರು. ಅರಾಬಿಡಾಪ್ಸಿಸ್ ಗಟ್ಟಿಯೇನೋ ಆಯಿತು, ಜೊತೆಗೆ ಕುಳ್ಳಾಗಿಬಿಟ್ಟಿತು. ಆಮೇಲೆ ಕಷ್ಟ ಬಂದಾಗ ಮಾತ್ರ ಜೋರಾಗಿ ಚಾಲೂ ಆಗುವ ಸ್ವಿಚ್ ಜೋಡಿಸಿದರು, 1999ರಲ್ಲಿ ಅದರ ವರದಿ ಬಂತು. ಗಿಡ ಚೆನ್ನಾಗಿಯೇ ಬೆಳೆಯಿತು, ಬರವನ್ನೂ ತಡೆಯಿತು.

ನೀರು ಎಷ್ಟು ದಿನ ನಿಲ್ಲುತ್ತದೆ ಅಂತ ನೀವು ಬರೆದಿಲ್ಲ. ಸಬ್1 ತಳಿ ತಡೆಯುವುದು ಹೆಚ್ಚೆಂದರೆ ಎರಡು ವಾರದ ಮುಳುಗಡೆ, ಅದೂ ಹೂ ಬಿಡುವ ಮೊದಲು. ಅದಕ್ಕಿಂತ ಜಾಸ್ತಿ ನಿಲ್ಲುತ್ತದಾದರೆ ಬೇರೆ ತಳಿ ನೋಡಬೇಕು. ಲೆಕ್ಕ ಹಾಕಿ ಇನ್ನೊಂದು ಪತ್ರ ಬರೆಯಿರಿ.