ಓದುಗರ ಪ್ರಶ್ನೆ: ಗಾಳಿ ಮುಚ್ಚಿದರೂ ಉರಿ ತಗ್ಗದ ಒಲೆ

ಮಳೆ ಹಿಂದೆ ಸರಿದು ಚಳಿ ಹಿಡಿಯುವ ಹೊತ್ತಿಗೆ ಕೊಡಗಿನ ಓದುಗರಿಂದ ಸೌದೆ ಒಲೆಯ ಪ್ರಶ್ನೆಗಳು ಬರತೊಡಗುತ್ತವೆ. ಗಾಳಿ ನಿಯಂತ್ರಣಕ್ಕೆ ಸಂಬಂಧಿಸಿದ ನಾಲ್ಕನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹೋಂಸ್ಟೇ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆಯಿದೆ. ಮೊದಲು ಗಾಳಿಯ ಲಿವರ್ ಮುಚ್ಚಿದರೆ ಉರಿ ತಗ್ಗುತ್ತಿತ್ತು. ಈಗ ಪೂರ್ತಿ ಮುಚ್ಚಿದರೂ ಧಗಧಗ ಉರಿದು ತುಂಬಿದ ಸೌದೆ ಮುಕ್ಕಾಲು ಗಂಟೆಯಲ್ಲಿ ಖಾಲಿ. ಲಿವರ್ ಬದಲಿಸಬೇಕೇ? (ಮಡಿಕೇರಿ)

ಉತ್ತರ: ಲಿವರ್‌ಗೆ ಈಗಲೇ ಕೈ ಹಾಕಬೇಡಿ. ಅದು ಮುಚ್ಚುವುದು ಒಂದು ಕಿಂಡಿಯನ್ನು ಮಾತ್ರ. ಉರಿ ತಗ್ಗುತ್ತಿಲ್ಲ ಎಂದರೆ ಬಹುತೇಕ ಸಲ ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿರುತ್ತದೆ.

ಮೊದಲು ಬೂದಿ ತಟ್ಟೆಯನ್ನು ಹೊರಗೆಳೆದು ಅದರ ಹಿಂದೆ ನೋಡಿ. ಅಲ್ಲಿ ಬೂದಿ ಬಿದ್ದು ಗಟ್ಟಿಯಾಗಿದ್ದರೆ ತಟ್ಟೆ ಪೂರ್ತಿ ಒಳಗೆ ಕೂರುವುದಿಲ್ಲ, ಕೆಳಗಿನ ಬಾಗಿಲಲ್ಲಿ ಕೂದಲೆಳೆಯ ಸಂದು ಉಳಿಯುತ್ತದೆ. ಕೆಂಡದ ಅಡಿಯಿಂದ ಬರುವ ಗಾಳಿ ಕಮ್ಮಾರನ ತಿದಿಯಂತೆ ಕೆಲಸ ಮಾಡುತ್ತದೆ. ಅಷ್ಟು ಸಂದೇ ಸಾಕು.

ಅಲ್ಲಿ ಸರಿಯಿದ್ದರೆ ಸಂದು ಮುಚ್ಚಲು ಬಾಗಿಲಿನ ಅಂಚಿಗೆ ಅಂಟಿಸಿರುವ ಹಗ್ಗದ ಗ್ಯಾಸ್ಕೆಟ್ ನೋಡಿ. ಒಲೆ ಪೂರ್ತಿ ತಣ್ಣಗಿರುವಾಗ ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ, ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಸೋರಿಕೆ ಅಲ್ಲೇ. 10 ಸೆಂಟಿಮೀಟರಿಗೊಮ್ಮೆ ಸುತ್ತಲೂ ಹೀಗೆ ನೋಡಿ. ಕೆಳಗಿನ ಮೂಲೆಗಳನ್ನು ಬಿಡಬೇಡಿ. ಚಿಲಕದ ಕಡೆ ಮಾತ್ರ ಸಡಿಲವಿದ್ದರೆ ಚಿಲಕವನ್ನು ಬಿಗಿ ಮಾಡಿದರೆ ಸಾಕಾಗಬಹುದು. ಕಬ್ಬಿಣದ ಜೋಡಣೆಗಳ ಬಗ್ಗೆ ಅನುಮಾನವಿದ್ದರೆ ಒಲೆ ಉರಿಯುವಾಗ ಹೊತ್ತಿಸಿದ ಊದುಬತ್ತಿಯನ್ನು ಅವುಗಳ ಉದ್ದಕ್ಕೂ ಆಡಿಸಿ. ಹೊಗೆ ಒಳಕ್ಕೆ ಎಳೆದುಕೊಂಡ ಜಾಗದಲ್ಲಿ ಹಳೇ ಸಿಮೆಂಟು ಬಿರಿದಿದೆ.

ಹಗ್ಗ ಬದಲಿಸುವುದು ಕಷ್ಟವಲ್ಲ, ಆದರೆ ಅಳತೆ ತಪ್ಪಬಾರದು. 8, 10, 12 ಮಿಲಿಮೀಟರ್ ದಪ್ಪದವು ಸಾಮಾನ್ಯ. ಹಳೆಯದು ಚಪ್ಪಟೆಯಾಗಿರುವುದರಿಂದ ಅದನ್ನೇ ಅಳೆದು ತಂದರೆ ಮೋಸವಾಗುತ್ತದೆ. ಒಲೆಯ ಕೈಪಿಡಿ ಅಥವಾ ಹಗ್ಗ ಕೂರುವ ತೋಡಿನ ಅಗಲ ನೋಡಿ. ದಪ್ಪ ಹೆಚ್ಚಿದರೂ ತೊಂದರೆಯೇ: ಬಾಗಿಲನ್ನು ಒತ್ತಿ ಹಾಕಬೇಕಾಗಿ ಬಂದು ಗಾಜು ಸೀಳಬಹುದು. ತೋಡನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ಶಾಖ ತಡೆಯುವ ಗ್ಯಾಸ್ಕೆಟ್ ಅಂಟನ್ನು ತೆಳುವಾದ ಎಳೆಯಾಗಿ ಹಾಕಿ, ಹಗ್ಗ ಕೂರಿಸಿ. ಎಳೆದು ಕೂರಿಸಬೇಡಿ, ಎಳೆದರೆ ಸಣ್ಣಗಾಗಿ ವಾರದಲ್ಲೇ ಮತ್ತೆ ಸೋರುತ್ತದೆ. ತುದಿಗಳು ಒಂದರ ಮೇಲೊಂದು ಬರದೆ ಎದುರುಬದುರು ಕೂಡಬೇಕು. ಕತ್ತರಿಸುವ ಜಾಗಕ್ಕೆ ಮೊದಲೇ ಟೇಪ್ ಸುತ್ತಿದರೆ ಎಳೆ ಬಿಚ್ಚುವುದಿಲ್ಲ. ನಡುವೆ ಕಾಗದವಿಟ್ಟು ಬಾಗಿಲು ಹಾಕಿ ಒಂದು ರಾತ್ರಿ ಬಿಡಿ. ಒಲೆ ತೀರಾ ಹಳೆಯದಾದರೆ ಹಗ್ಗದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಣಗಿರುವಾಗ ಕೆರೆಯಬೇಡಿ, ನೀರಿನಲ್ಲಿ ನೆನೆಸಿ, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿ ತೆಗೆಯಿರಿ.

ಇಷ್ಟಾದ ಮೇಲೂ ಉರಿ ತಗ್ಗದಿದ್ದರೆ ಲಿವರ್ ನೋಡಿ. ಒಳಗೆ ಟಾರ್ಚ್ ಬಿಟ್ಟು ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ಕಿಂಡಿ ಮುಚ್ಚುವ ತಟ್ಟೆ ಜೊತೆಗೇ ಸರಿಯುತ್ತದೆಯೇ ಎಂದು ನೋಡಲಿ. ಕೆಲವೊಮ್ಮೆ ಸರಳು ಕಳಚಿಕೊಂಡು ಹಿಡಿ ಮಾತ್ರ ಓಡಾಡುತ್ತಿರುತ್ತದೆ. ಹಲವು ಒಲೆಗಳಲ್ಲಿ ಪೂರ್ತಿ ಮುಚ್ಚಿದರೂ ಸಣ್ಣ ಕಿಂಡಿಯೊಂದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದನ್ನು ವೆಲ್ಡ್ ಮಾಡಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಒಲೆ ಹಚ್ಚಿರಲಿಲ್ಲ. ಈಗ ಗಾಳಿಯ ಲಿವರ್ ಅಲ್ಲಾಡುತ್ತಿಲ್ಲ. ಎಣ್ಣೆ ಬಿಟ್ಟರೆ ಒಂದು ದಿನ ಸಡಿಲಾಗಿ ಮತ್ತೆ ಗಟ್ಟಿಯಾಯಿತು. (ಸೋಮವಾರಪೇಟೆ)

ಉತ್ತರ: ಎಣ್ಣೆ ಕಾದು ಸುಟ್ಟು, ಬೂದಿಯೊಂದಿಗೆ ಸೇರಿ ಮೇಣವಾಗುತ್ತದೆ. ತೆಂಗಿನೆಣ್ಣೆಯಾದರೂ ಇಂಜಿನ್ ಆಯಿಲ್ ಆದರೂ ಗತಿ ಒಂದೇ. ಒಲೆ ತಣ್ಣಗಿರುವಾಗ ಗಾಳಿ ಕಿಂಡಿ ಮುಚ್ಚುವ ತಟ್ಟೆಯನ್ನು ಬಿಚ್ಚಿ ಜಾರುವ ಎರಡೂ ಮೈಗಳ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದು ಗ್ರಾಫೈಟ್ ಪುಡಿ ಸವರಿ. ಬೀಗಗಳಿಗೆ ಹಾಕುವ ಅದೇ ಪುಡಿ. ತಟ್ಟೆ ಡೊಂಕಾಗಿದ್ದರೆ ಬಡಿದು ನೇರ ಮಾಡುವ ಸಾಹಸ ಬೇಡ, ಬೀಡು ಕಬ್ಬಿಣವಾದರೆ ಒಡೆಯುತ್ತದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಬೂದಿಯೆಲ್ಲ ತೆಗೆದು ಲಿವರನ್ನು ಅರ್ಧ ತೆರೆದಿಡಿ. ಬೂದಿ ತೇವ ಹೀರುತ್ತದೆ, ತುಕ್ಕು ಹತ್ತುವುದು ಅಲ್ಲಿಂದಲೇ.

ಪ್ರಶ್ನೆ: ಲಿವರ್ ಅರ್ಧಕ್ಕೆ ತಂದ ಕೂಡಲೇ ಗಾಜು ಕಪ್ಪಾಗುತ್ತದೆ, ಬಾಗಿಲು ತೆರೆದರೆ ಹೊಗೆ ಮನೆಯೊಳಗೆ. (ಗೋಣಿಕೊಪ್ಪಲು)

ಉತ್ತರ: ನೂರಕ್ಕೆ ಎಂಬತ್ತು ಪಾಲು ಸೌದೆಯದೇ ತಪ್ಪು ಎಂಬುದು ನಮ್ಮ ಅಂದಾಜು. ತೋಟದಲ್ಲಿ ನೆರಳು ತೆಗೆದಾಗ ಕಡಿದ ಸಿಲ್ವರ್ ಓಕ್ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಕೊರಡನ್ನು ಸೀಳಿ, ಹೊಸದಾಗಿ ಸೀಳಿದ ಮೈಗೆ ತೇವಾಂಶ ಮೀಟರ್ ಚುಚ್ಚಿ. ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಮೀಟರ್ ಇಲ್ಲವೇ? ಒಂದು ತುಂಡನ್ನು ತೂಗಿ, ಬೆಚ್ಚಗಿನ ಜಾಗದಲ್ಲಿಟ್ಟು ವಾರಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಆ ಸೌದೆ ಇನ್ನೂ ಒಲೆಗೆ ಬಂದಿಲ್ಲ. ಮೂರು-ನಾಲ್ಕು ಇಂಚಿಗೆ ಸೀಳಿ, ನೆಲದಿಂದ ಎತ್ತರದಲ್ಲಿ, ಮೇಲೆ ಮಾತ್ರ ಶೀಟ್ ಹೊದಿಸಿ ಬದಿ ತೆರೆದಿಟ್ಟು ಒಂದು ಬೇಸಿಗೆಯಾದರೂ ಒಣಗಿಸಿ. ಕಾಫಿ ಬೊಡ್ಡೆ ಗಟ್ಟಿ, ನಿಧಾನ ಉರಿಯುತ್ತದೆ. ಅದಕ್ಕೆ ಇನ್ನೂ ಹೆಚ್ಚು ಸಮಯ ಕೊಡಿ.

ಲಿವರ್ ತಗ್ಗಿಸಲು ಆತುರವೂ ಬೇಡ. ಹೊಸ ಸೌದೆ ಹಾಕಿದ ಮೇಲೆ ಎಲ್ಲ ತುಂಡುಗಳಿಗೂ ಉರಿ ಹತ್ತಿ ಅಂಚು ಕರಿಯಾಗುವವರೆಗೆ ಗಾಳಿ ತೆರೆದಿರಲಿ. ಆಮೇಲೆ ಒಂದೇ ಸಲಕ್ಕಲ್ಲ, ಐದು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ತಗ್ಗಿಸಿ.

ಒಣ ಸೌದೆಯಲ್ಲೂ ಹೊಗೆ ಬಂದರೆ ಹೊಗೆ ಕೊಳವೆ ಕಟ್ಟಿರಬಹುದು. ತುದಿಯ ಟೋಪಿಗೆ ಜಾಲರಿ ಇದ್ದರೆ ಅಲ್ಲೇ ಮೊದಲು ಮಸಿ ಮೆತ್ತಿಕೊಳ್ಳುತ್ತದೆ, ಹಕ್ಕಿ ಗೂಡೂ ಇರಬಹುದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುವಾಗ ಮಾತ್ರ ಹೊಗೆ ತಿರುಗುತ್ತಿದ್ದರೆ ಕಿಟಕಿ ಒಂದಿಷ್ಟು ತೆರೆದು ನೋಡಿ.

ಪ್ರಶ್ನೆ: ಬೆಳಗಿನವರೆಗೆ ಕೆಂಡ ಉಳಿಯಲೆಂದು ರಾತ್ರಿ ಗಾಳಿಯನ್ನೂ ಕೊಳವೆಯ ಡ್ಯಾಂಪರನ್ನೂ (ಹೊಗೆ ತಡೆಯುವ ಬಿಲ್ಲೆ) ಪೂರ್ತಿ ಮುಚ್ಚಬಹುದೇ? (ವಿರಾಜಪೇಟೆ)

ಉತ್ತರ: ಬೇಡವೇ ಬೇಡ. ಗಾಳಿಯಿಲ್ಲದೆ ಹೊಗೆಯಾಡುವ ಸೌದೆಯಿಂದ ಕೊಳವೆಯೊಳಗೆ ಟಾರ್ ಕಟ್ಟುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗುವ ಮುನ್ನ ಉರಿ ಮುಗಿದು ಕೆಂಡವಾದ ಮೇಲೆ ಗಾಳಿಯನ್ನು ಒಲೆ ಬಿಡುವಷ್ಟೇ ತಗ್ಗಿಸಿ, ಕೊಳವೆಯ ಡ್ಯಾಂಪರ್ ತೆರೆದೇ ಇರಲಿ. ಅತಿಥಿಗಳು ಮಲಗುವ ಕೋಣೆಯಲ್ಲಿ ಒಲೆಯಿದ್ದರೆ ಅಲ್ಲಿ ಮೊನಾಕ್ಸೈಡ್ ಅಲಾರಂ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.